ಹೆಸರು ಬಂಟ್ವಾಳ, ಇರುವುದು ಬಿ.ಸಿ.ರೋಡಿನಲ್ಲಿ

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ‘ಬಂಟ್ವಾಳ’ ಎಂದು ಓದಿ ಇಳಿದ ಹೊಸಬರು ಹೊರಗೆ ಬಂದು ಬಂಟ್ವಾಳ ಪೇಟೆ ಎಲ್ಲಿ ಎಂದು ಕೇಳುತ್ತಾರೆ. ರಿಕ್ಷಾದವರು ನಗುತ್ತಾರೆ: “ಪೇಟೆಗಾ? ಅದು ಇನ್ನೂ ಮುಂದೆ ಉಂಟು ಮಾರಾಯ್ರೆ. ಇದು ಬಿ.ಸಿ.ರೋಡ್.”

ಈ ಗೊಂದಲಕ್ಕೆ ಕಾರಣ ನೇತ್ರಾವತಿ ಹೊಳೆ. ಹಳೆಯ ಬಂಟ್ವಾಳ ಹೊಳೆಬದಿಯ ವ್ಯಾಪಾರದ ಪೇಟೆ. ಘಟ್ಟದಿಂದ ಇಳಿದ ಸರಕು ಇಲ್ಲಿ ದೋಣಿ ಹತ್ತಿ ಮಂಗಳೂರು ಬಂದರಿಗೆ ಹೋಗುತ್ತಿತ್ತು. ಅನ್ನ ಕೊಟ್ಟ ಹೊಳೆಯೇ 1923ರಲ್ಲೂ 1974ರಲ್ಲೂ ಪೇಟೆಯೊಳಗೆ ನುಗ್ಗಿತು. ಬಸ್ಸು, ಲಾರಿಗಳ ಕಾಲ ಬಂದಾಗ ವ್ಯವಹಾರ ಹೆದ್ದಾರಿ ಕವಲೊಡೆಯುವ ಜಾಗಕ್ಕೆ ಸರಿಯಿತು. ‘ಬಂಟ್ವಾಳ ಕ್ರಾಸ್ ರೋಡ್’ ಜನರ ಬಾಯಲ್ಲಿ ಬಿ.ಸಿ.ರೋಡ್ ಆಯಿತು. ರೈಲು ಬಂದದ್ದೂ ಅಲ್ಲಿಗೇ.

ಅದೂ ತಡವಾಗಿ. ಕೇರಳದ ಕಡೆಯಿಂದ ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಅಲ್ಲಿಂದ ಬರೀ 25 ಕಿ.ಮೀ. ದೂರದ ಬಂಟ್ವಾಳ ಎಪ್ಪತ್ತರ ದಶಕದವರೆಗೆ ಕಾಯಬೇಕಾಯಿತು. 189 ಕಿ.ಮೀ. ಉದ್ದದ ಮಂಗಳೂರು–ಹಾಸನ ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ತೊಡಕಿದ್ದದ್ದು ಘಟ್ಟದಲ್ಲಿ: ಸುಬ್ರಹ್ಮಣ್ಯ ರೋಡ್–ಸಕಲೇಶಪುರ ನಡುವಿನ 55 ಕಿ.ಮೀ.ಯಲ್ಲೇ 57 ಸುರಂಗಗಳು. ತೊಂಬತ್ತರ ದಶಕದ ನಡುವೆ ಬ್ರಾಡ್‌ಗೇಜ್ ಕೆಲಸಕ್ಕೆಂದು ಆ ದಾರಿ ಮುಚ್ಚಿತು. ಬೆಂಗಳೂರಿನ ಪ್ರಯಾಣಿಕರ ರೈಲು ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ.

ಆಡಳಿತದಲ್ಲಿಯೂ ಬಂಟ್ವಾಳ ಗಡಿಯಾಚೆಯ ನಿಲ್ದಾಣ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದರೆ, ಬಂಟ್ವಾಳ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಅರ್ಧ ಗಂಟೆಯ ಹಾದಿಯಲ್ಲಿ ರೈಲ್ವೆ ವಲಯವನ್ನೇ ಬದಲಿಸಿರುತ್ತಾರೆ. ಕೈಯಲ್ಲಿನ ಟಿಕೆಟಿಗೆ ಮಾತ್ರ ಅದರ ಸುಳಿವಿರುವುದಿಲ್ಲ.

ನೆರೆಯ ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಇಂದಿಗೂ ಹಳಿ ಇಲ್ಲ. ಗುರುವಾಯನಕೆರೆ, ಉಜಿರೆ ದಾಟಿ ಧರ್ಮಸ್ಥಳಕ್ಕೆ ಹೋಗುವ ಭಕ್ತರಿಗೂ, ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಹೊರಟವರಿಗೂ ಬಿ.ಸಿ.ರೋಡೇ ಹೆಬ್ಬಾಗಿಲು. ರೈಲಿನಿಂದ ಇಳಿದರೆ ಮುಂದೆ ಬಸ್ಸೇ ಗತಿ.

ಪುತ್ತೂರಿನತ್ತ ಹೊರಟ ಗಾಡಿ ನಿಲ್ದಾಣ ಬಿಟ್ಟ ಮೇಲೆ ನೇತ್ರಾವತಿಯನ್ನು ದಾಟುತ್ತದೆ. ಸೇತುವೆಯ ಮೇಲೆ ಗಾಲಿಯ ಸದ್ದು ದಪ್ಪಗಾದಾಗ ಎಡಗಡೆಯ ಕಿಟಕಿಗೆ ಬನ್ನಿ. ಹೊಳೆಯ ಮೇಲ್ಗಡೆ, ನಿಲ್ದಾಣವಿರುವ ದಂಡೆಯಲ್ಲೇ, ಒಂದು ಕಾಲಕ್ಕೆ ದೋಣಿಗಳು ಸರಕಿಗೆ ಕಾಯುತ್ತಿದ್ದ ಪೇಟೆಯಿದೆ. ಫಲಕದಲ್ಲಿ ಓದಿದ ಹೆಸರು ಅದರದ್ದು.