ನಿಮಗಿದು ಗೊತ್ತೇ? ಬೇರಿನೊಳಗಿನ ಬಂಧು

● ಕಾಸರಗೋಡು ಜಿಲ್ಲೆಯ ಮೀಂಜದ ಗುಡ್ಡಗಳ ಮುರಕಲ್ಲು ಮಣ್ಣಿನಲ್ಲಿ ರಂಜಕ ಇದ್ದರೂ ಗಿಡಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಇಂಥ ಕಡೆ ಬೇರಿಗೆ ರಂಜಕ ಮುಟ್ಟಿಸುವುದು ‘ಮೈಕೊರೈಜಾ’ ಶಿಲೀಂಧ್ರ. ರೈತರ ಬಾಯಲ್ಲಿ ಇದು ‘ವ್ಯಾಮ್’.

● ತೆಂಗಿನ ಬೇರಿಗೆ ರೋಮಗಳೇ ಇಲ್ಲ! ಮಣ್ಣಿನ ಸಂದುಗೊಂದಿಗೆ ನುಗ್ಗಿ ರಂಜಕ, ಸತು ತರುವುದಕ್ಕೆ ಅದು ಈ ಶಿಲೀಂಧ್ರದ ಎಳೆಗಳನ್ನೇ ನೆಚ್ಚಿಕೊಂಡಿದೆ.

● ಬರಿಗಣ್ಣಿಗೆ ಇದು ಕಾಣದು. ಎಳೆಬೇರಿನ ತುಂಡನ್ನು ಕಾಸ್ಟಿಕ್ ಪೊಟ್ಯಾಷಿನಲ್ಲಿ ಬೇಯಿಸಿ, ನೀಲಿ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಹಲವು ಜೀವಕೋಶಗಳೊಳಗೆ ಕವಲೊಡೆದ ಪುಟ್ಟ ಮರ ನಿಂತಂತಿರುತ್ತದೆ. ಕೊಡು-ಕೊಳ್ಳುವ ವ್ಯವಹಾರವೆಲ್ಲ ಅಲ್ಲೇ. ಅದರ ಆಯುಸ್ಸು ಕೆಲವೇ ದಿನ. ಒಂದು ಕರಗಿದರೆ ಇನ್ನೊಂದು ಚಿಗುರುತ್ತದೆ.

● ಸೇವೆ ಪುಕ್ಕಟೆಯಲ್ಲ. ಎಲೆ ತಯಾರಿಸಿದ ಆಹಾರದಲ್ಲಿ ಶೇ. 4ರಿಂದ 20ರಷ್ಟು ಶಿಲೀಂಧ್ರದ ಪಾಲು.

● ಎಲ್ಲ ತಳಿಗೂ ಈ ನಂಟು ಒಂದೇ ತೆರನಲ್ಲ. ಅಲಸಂಡೆಯ ಬೇರಿನಲ್ಲಿ ಶಿಲೀಂಧ್ರ ಎಷ್ಟು ಹಬ್ಬುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ, ಆ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆ ಎಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 1990ರಲ್ಲೇ ಪ್ರಕಟಿಸಿದ್ದರು.

● 1950ಕ್ಕಿಂತ ಹಿಂದಿನ ಗೋಧಿ ತಳಿಗಳು ಈ ಶಿಲೀಂಧ್ರವನ್ನು ಹೊಸ ತಳಿಗಳಿಗಿಂತ ಹೆಚ್ಚು ಅವಲಂಬಿಸಿದ್ದವು ಎಂದಿತು ಅಮೆರಿಕದ ಒಂದು ಅಧ್ಯಯನ. ಹಲವು ಬೆಳೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2012ರ ವಿಶ್ಲೇಷಣೆ ಇದನ್ನು ಒಪ್ಪಲಿಲ್ಲ. ಹೊಸ ತಳಿಗಳ ಬೇರಿನಲ್ಲಿ ಶಿಲೀಂಧ್ರ ಕಡಿಮೆ, ಆದರೆ ಅದರಿಂದ ಸಿಗುವ ಲಾಭ ಕಡಿಮೆಯಾಗಿಲ್ಲ!

● ಸಾಸಿವೆ, ಮೂಲಂಗಿ, ಕೋಸಿಗೆ ಈ ನೆಂಟಸ್ತಿಕೆ ಬೇಡ. ಹರಿವೆಯ ಕುಟುಂಬದಲ್ಲೂ ಇದು ಅಪರೂಪ.

● ನೀರು ನಿಂತ ಏಣೆಲು (ಮಳೆಗಾಲದ ಬೆಳೆ) ಗದ್ದೆಯಲ್ಲಿ ಗಾಳಿ ಸಾಲದೆ ಶಿಲೀಂಧ್ರ ಸೊರಗುತ್ತದೆ. ನೀರಾರಿದ ಮೇಲೆ ಉದ್ದು, ಅಲಸಂಡೆ ಬಿತ್ತಿದರೆ ಮತ್ತೆ ಹಬ್ಬಲು ಬೇರು ಸಿಗುತ್ತದೆ.

● ಅಡಿಕೆಗೆ ಮಹಾಳಿ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಯ ದೂರದ ಸಂಬಂಧಿ. ಆದರೆ ಅದಕ್ಕೆಂದು ಬಿಡುವ ಮದ್ದಿನ ಮೈಲುತುತ್ತು ವರ್ಷವರ್ಷವೂ ಮಣ್ಣಿಗಿಳಿಯುತ್ತದೆ. ಅದರಲ್ಲಿರುವ ತಾಮ್ರ ಮಿತಿಮೀರಿದರೆ ಒಳ್ಳೆಯ ಶಿಲೀಂಧ್ರಕ್ಕೂ ಕುತ್ತು.

● ಸೂಪರ್ ಫಾಸ್ಫೇಟ್ ಧಾರಾಳವಾಗಿ ಸುರಿದರೆ ಗಿಡವೇ ಶಿಲೀಂಧ್ರವನ್ನು ದೂರ ಮಾಡುತ್ತದೆ. ರಂಜಕ ಕೈಗೆ ಸಿಕ್ಕ ಮೇಲೆ ಕೂಲಿ ಯಾಕೆ ಕೊಡಬೇಕು?

● ಜೀವಂತ ಬೇರಿಲ್ಲದೆ ವ್ಯಾಮ್ ಬೆಳೆಯದು. ಅದಕ್ಕೇ ಕುಂಡಗಳಲ್ಲಿ ರಾಗಿ, ಮೆಕ್ಕೆಜೋಳ ಬೆಳೆಸಿ, ಬೇರುಸಮೇತ ಆ ಮಣ್ಣನ್ನೇ ಗೊಬ್ಬರವಾಗಿ ಮಾರುತ್ತಾರೆ. 1916ರಲ್ಲಿ ಆರಂಭವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರವೇ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ. ತೆಂಗಿನ ಸಸಿಗಳಿಗೆಂದು ಅದು ತಯಾರಿಸಿದ ವ್ಯಾಮ್ ಗೊಬ್ಬರವೇ ‘ಕೇರಾಮ್’.

● ಹಾಕುವ ಹೊತ್ತು ಯಾವುದು? ಕರಿಮೆಣಸಿನ ಬಳ್ಳಿಯಾಗಲಿ, ತೆಂಗಿನ ಸಸಿಯಾಗಲಿ, ನರ್ಸರಿಯಲ್ಲಿರುವಾಗಲೇ ಬೇರಿಗೆ ತಾಗುವಂತೆ ಹಾಕಬೇಕು. ಬೆಳೆದ ಮರದ ಬುಡಕ್ಕೆ ಮೇಲಿಂದ ಎರಚಿದರೆ ದುಡ್ಡು ದಂಡ.