ಗರ್ಭಕೋಶದ ಕ್ಯಾನ್ಸರ್: ಚಿಕಿತ್ಸೆ ಪೂರ್ತಿಯಾಗಲು ನೆರೆಮನೆಯ ಸಹೋದರಿಯರೂ ಬೇಕು

ಫೆಬ್ರವರಿ ತಿಂಗಳಲ್ಲಿ ಮೂರು ದಿನಗಳು ಒಂದರ ಹಿಂದೊಂದು ಬರುತ್ತವೆ. 4ರಂದು ವಿಶ್ವ ಕ್ಯಾನ್ಸರ್ ದಿನ. 5ರಂದು ಸಂತ ಅಗಾಥಾಳ ಹಬ್ಬ. ಸ್ತನದ ಕಾಯಿಲೆಯುಳ್ಳ ಮಹಿಳೆಯರು ಶತಮಾನಗಳಿಂದ ಈ ರಕ್ತಸಾಕ್ಷಿಯ ಬಿನ್ನಹ ಬೇಡುತ್ತಾ ಬಂದಿದ್ದಾರೆ. 11ರಂದು ಲೂರ್ದು ಮಾತೆಯ ಹಬ್ಬ. ಅದೇ ದಿನವನ್ನು ವಿಶ್ವ ರೋಗಿಗಳ ದಿನವನ್ನಾಗಿ ಆಚರಿಸಬೇಕೆಂದು ಪೋಪ್ ಎರಡನೇ ಜಾನ್ ಪಾಲರು 1992ರಲ್ಲಿ ಗೊತ್ತುಮಾಡಿದರು. ಅಂದು ಧರ್ಮಕೇಂದ್ರಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ಅರ್ಪಿಸಲಾಗುತ್ತದೆ. ಬೇಡಿಕೆಗಳ ಚೀಟಿಯಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮಂಡಿನೋವು ಎಲ್ಲವೂ ಹೆಸರು ಹಿಡಿದು ಬರುತ್ತವೆ. ಗರ್ಭಕೋಶದ ಕಾಯಿಲೆ ಮಾತ್ರ ‘ಒಬ್ಬ ಸಹೋದರಿಯ ಆರೋಗ್ಯಕ್ಕಾಗಿ’ ಎಂಬ ಮೂರು ಪದಗಳ ಹಿಂದೆ ಅಡಗಿರುತ್ತದೆ.

ಈ ಸಂಕೋಚ ಹೊಸದಲ್ಲ. ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸೊಬ್ಬಳು ಬರುತ್ತಾಳೆ. ಅನೇಕ ವೈದ್ಯರ ಕೈಯಲ್ಲಿ ಕಷ್ಟಪಟ್ಟು, ಇದ್ದದ್ದೆಲ್ಲ ಖರ್ಚು ಮಾಡಿ, ಗುಣವಾಗದೆ ಇನ್ನಷ್ಟು ಹದಗೆಟ್ಟವಳು. ಆಕೆ ಯೇಸುವಿನ ಬಳಿಗೆ ಬಂದದ್ದು ಜನಜಂಗುಳಿಯ ಹಿಂದಿನಿಂದ, ಯಾರಿಗೂ ಕಾಣದ ಹಾಗೆ. ಜೊತೆಗೆ ಇನ್ನೊಬ್ಬ ಹೆಂಗಸು ಇದ್ದಳೆಂದು ಎಲ್ಲೂ ಹೇಳಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಒಂಟಿ ಮನೆಗಳಲ್ಲಿ ಇಂದಿಗೂ ಇಂಥವರಿದ್ದಾರೆ.

ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ. ‘ಗರ್ಭಕೋಶದ ಕ್ಯಾನ್ಸರ್’ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಬೇರೆ ಬೇರೆ ಕಾಯಿಲೆಗಳಿವೆ. ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕಂಠಕ್ಕೆ ಬರುವುದು ಒಂದು. ಗರ್ಭಕೋಶದ ಒಳಪದರಕ್ಕೆ ಬರುವುದು ಇನ್ನೊಂದು. ಅಂಡಾಶಯದ್ದು ಮತ್ತೊಂದು. ಅಂಡಾಶಯದ ಕ್ಯಾನ್ಸರ್ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಎಂಬ ಸಣ್ಣ ಲಕ್ಷಣಗಳ ಹಿಂದೆ ಅವಿತಿರುತ್ತದೆ. ಅದನ್ನು ಮೊದಲೇ ಹಿಡಿಯಲು ಎಲ್ಲರಿಗೂ ಮಾಡಬಹುದಾದ ನಂಬಿಕೆಯ ಪರೀಕ್ಷೆ ಇಲ್ಲ. ಗರ್ಭಕಂಠದ್ದು ಹಾಗಲ್ಲ. ಅದು ಹಲವು ವರ್ಷ ಮುನ್ಸೂಚನೆಯ ಹಂತದಲ್ಲೇ ಇದ್ದು, ನಿಧಾನವಾಗಿ ಬೆಳೆಯುತ್ತದೆ. ಆದರೂ ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರು ಎಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ.

ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿದರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡ ಹೆಂಡಿರು ಕೂಡಿದ ಮೇಲೆ ರಕ್ತ ಹೋದರೆ, ವಾಸನೆಯುಳ್ಳ ಬಿಳಿ ಸೆರಗು ನಿಲ್ಲದಿದ್ದರೆ ಕಾಯಬಾರದು. ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ಆರು ತಿಂಗಳು ಕಳೆಯುವವರೇ ಹೆಚ್ಚು. ಇವೆಲ್ಲ ಕ್ಯಾನ್ಸರೇ ಆಗಿರಬೇಕೆಂದಿಲ್ಲ, ಹಲವರಿಗೆ ಬೇರೆ ಕಾರಣ ಇರುತ್ತದೆ. ಅದನ್ನು ಹೇಳಬೇಕಾದವರು ವೈದ್ಯರು.

ಪರೀಕ್ಷೆಯೂ ದೊಡ್ಡದೇನಲ್ಲ. ಗರ್ಭಕಂಠಕ್ಕೆ ವಿನೆಗರಿನಂಥ ದ್ರಾವಣ ಸವರಿ, ಒಂದು ನಿಮಿಷ ಬಿಟ್ಟು ಬಿಳಿ ಕಲೆ ಮೂಡುತ್ತದೆಯೇ ಎಂದು ನೋಡುತ್ತಾರೆ. ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ ಅಲ್ಲಿನ ಬಡ ವಸತಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ಅಧ್ಯಯನ ನಡೆಸಿದರು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದವರ ಪೈಕಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಒಬ್ಬಳೇ ಹೋಗಲು ನಾಚಿಕೆ ಎನ್ನುವುದು ನಿಜವಾದ ಕಾರಣವಾದರೆ ಅದಕ್ಕೆ ಪರಿಹಾರ ಸುಲಭ. ಸಂಘದ ಹತ್ತು ಮಂದಿ ಒಂದೇ ದಿನ ಹೋಗಿ ಬರಲಿ. ಯಾರಿಗೆ ಏನಾಗಿದೆ ಎಂದು ಊರು ಕೇಳುವ ಪ್ರಶ್ನೆಯೇ ಇರುವುದಿಲ್ಲ.

ಇನ್ನು ಈ ಕಾಯಿಲೆಗೆ ಅಂಟಿಕೊಂಡ ಕೆಟ್ಟ ಮಾತಿನ ಬಗ್ಗೆ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಾಣು ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ವೈರಾಣು ದೈಹಿಕ ಸಂಪರ್ಕದಿಂದ ಬರುವುದು ನಿಜ. ಹಾಗೆಂದು ರೋಗಿಯ ನಡತೆಯನ್ನಾಗಲಿ ಅವಳ ಗಂಡನ ನಡತೆಯನ್ನಾಗಲಿ ಅಳೆಯಲು ಹೊರಡುವುದು ಅಜ್ಞಾನ. ದಾಂಪತ್ಯ ನಡೆಸುವ ಬಹುಪಾಲು ಜನರಿಗೆ ಜೀವಮಾನದಲ್ಲಿ ಒಮ್ಮೆ ಇದು ತಗಲುತ್ತದೆ, ಬಹುಪಾಲು ಜನರಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡ ಕೆಲವರಲ್ಲಿ ಹತ್ತಿಪ್ಪತ್ತು ವರ್ಷಗಳ ನಂತರ ಕ್ಯಾನ್ಸರಾಗುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಕ್ಯಾನ್ಸರ್ ಅಂಟುವುದಿಲ್ಲ. ಈ ವೈರಾಣುವಿಗೆ ಲಸಿಕೆ ಇದೆ, 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಟ್ಟರೆ ಹೆಚ್ಚು ಫಲ.

ನಮ್ಮ ಧರ್ಮಭಗಿನಿಯರಿಗೂ ಒಂದು ಮಾತು. ಇಟಲಿಯ ವೆರೋನಾ ನಗರದ ವೈದ್ಯ ರಿಗೋನಿ ಸ್ಟರ್ನ್ 1842ರಲ್ಲಿ ಆ ಊರಿನ ಹಲವು ದಶಕಗಳ ಮರಣದ ದಾಖಲೆ ನೋಡಿ, ಕನ್ಯಾಮಠಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಅಪರೂಪ, ಸ್ತನದ ಕ್ಯಾನ್ಸರ್ ಮಾತ್ರ ಹೆಚ್ಚು ಎಂದು ಬರೆದರು. ಊರಿನ ಹೆಂಗಸರನ್ನೆಲ್ಲ ಆಸ್ಪತ್ರೆಗೆ ಕರೆದೊಯ್ಯುವ ಭಗಿನಿಯರು ತಮ್ಮ ಎದೆಯ ಗಂಟನ್ನು ಯಾರಿಗೂ ಹೇಳದೆ ಉಳಿಯಬಾರದು.

ಈಗ ಮುಖ್ಯ ವಿಷಯ. ಗರ್ಭಕಂಠದ ಕ್ಯಾನ್ಸರ್ ಬೇಗ ಸಿಕ್ಕರೆ ಶಸ್ತ್ರಚಿಕಿತ್ಸೆ. ಸ್ವಲ್ಪ ಮುಂದುವರಿದಿದ್ದರೆ ವಿಕಿರಣ, ಅದರೊಂದಿಗೆ ವಾರಕ್ಕೊಮ್ಮೆ ಕೀಮೋ. ಜನರು ‘ಕರೆಂಟ್ ಕೊಡುವುದು’ ಎನ್ನುವ ಈ ವಿಕಿರಣ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ. ಆಮೇಲೆ ಒಳಗಿನಿಂದ ಕೊಡುವ ವಿಕಿರಣ ಕೆಲವು ಸಲ. ಪ್ರತಿ ದಿನದ ಚಿಕಿತ್ಸೆ ಕೆಲವೇ ನಿಮಿಷ. ಆದರೆ ಎಲ್ಲವೂ ಎಂಟು ವಾರ, ಅಂದರೆ 56 ದಿನದೊಳಗೆ ಮುಗಿಯಬೇಕೆಂದು ವೈದ್ಯರು ಪಟ್ಟು ಹಿಡಿಯುತ್ತಾರೆ. ನಡುವೆ ಬಿಟ್ಟು ಬಿಟ್ಟು ಮಾಡಿಸಿದರೆ ಗುಣವಾಗುವ ಸಾಧ್ಯತೆ ಕುಗ್ಗುತ್ತಾ ಹೋಗುತ್ತದೆ.

ಘಟ್ಟದ ಮೇಲಿನವರಿಗೆ ಈ 56 ದಿನವೇ ದೊಡ್ಡ ಬೆಟ್ಟ. ನಮ್ಮವರು ಇದಕ್ಕಾಗಿ ಹೋಗುವುದು ಹುಬ್ಬಳ್ಳಿಯ ನವನಗರಕ್ಕೆ, ಮಣಿಪಾಲಕ್ಕೆ, ಮಂಗಳೂರಿಗೆ ಅಥವಾ ಬೆಂಗಳೂರಿನ ಕಿದ್ವಾಯಿಗೆ. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100. ಸಿದ್ದಾಪುರದವರು ಶಿರಸಿಗೆ ಬರುವುದೇ ಸುಮಾರು 40 ಕಿಲೋಮೀಟರ್. ಕಾಡಿನ ನಡುವಿನ ಮನೆಯಿಂದ ಬಸ್ಸಿನ ರಸ್ತೆಗೆ ನಡೆಯುವುದು ಬೇರೆ. ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನು 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದಾಗ ನೋಡಿದ್ದೇವೆ. ದಿನಾ ಹೋಗಿ ಬರುವುದು ಆಗದ ಮಾತು. ಅಲ್ಲೇ ಉಳಿಯಬೇಕು. ಉಳಿದರೆ ಮನೆಯಲ್ಲಿ ಹಾಲು ಕರೆಯುವವರು ಯಾರು, ಮಕ್ಕಳಿಗೆ ಬೇಯಿಸಿ ಹಾಕುವವರು ಯಾರು, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕೊಡುವವರು ಯಾರು? ಅಡಿಕೆ ಸುಲಿಯುವ ಕಾಲವಾಗಿದ್ದರೆ ಕೂಲಿಯೂ ಹೋಯಿತು. ಮೂರನೆಯ ವಾರಕ್ಕೆ ಸುಸ್ತು, ಭೇದಿ, ಮೂತ್ರದ ಉರಿ ಶುರುವಾದಾಗ ‘ನನಗೆ ಈಗ ಅಡ್ಡಿಯಿಲ್ಲ’ ಎಂದು ಎದ್ದು ಬಂದುಬಿಡುತ್ತಾರೆ. ಆಗ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ.

ಈ ಜಾಗವನ್ನು ತುಂಬಬಲ್ಲವರು ನೆರೆಮನೆಯವರೇ. ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎಂಬ ಮಾತು ಅರ್ಧ ಗಂಟೆ ಉಳಿಯುತ್ತದೆ. ‘ಅಕ್ಕಾ, ಕೊಟ್ಟಿಗೆ ಕೆಲಸ ನನಗಿರಲಿ, ಹುಡುಗರು ರಾತ್ರಿ ನಮ್ಮಲ್ಲೇ ಉಣ್ಣಲಿ’ ಎಂಬ ಮಾತು ಎಂಟು ವಾರ ಉಳಿಯುತ್ತದೆ. ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಸ್ವಸಹಾಯ ಸಂಘಗಳಿವೆ, ಕಿರು ಕ್ರೈಸ್ತ ಸಮುದಾಯಗಳಿವೆ, ಸ್ತ್ರೀ ಸಂಘಟನೆ ಇದೆ. ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರು ಒಬ್ಬರ ಮನೆಯ ಕಷ್ಟಕ್ಕೆ ಇಡೀ ಕೇರಿ ಸೇರುವುದನ್ನು ನಾವು ಅವರಿಗೆ ಕಲಿಸಬೇಕಿಲ್ಲ, ಅವರಿಂದ ಕಲಿಯಬೇಕು. ವಾರಕ್ಕೊಬ್ಬರಂತೆ ಎಂಟು ಮಂದಿ ಪಾಳಿ ಹಾಕಿಕೊಂಡರೆ ಆಸ್ಪತ್ರೆಯಲ್ಲಿ ಜೊತೆಗಿರುವವರೂ ಸಿಕ್ಕರು, ಯಾರಿಗೂ ಅತಿ ಹೊರೆಯೂ ಆಗಲಿಲ್ಲ. ನೆರೆಮನೆ ಎಂದರೆ ಕ್ರೈಸ್ತರದೇ ಆಗಬೇಕೆಂದೂ ಇಲ್ಲ. ಕೊಟ್ಟಿಗೆಯ ಹಸುವಿಗೆ ಕರೆಯುವವರ ಜಾತಿ ಗೊತ್ತಾಗುವುದಿಲ್ಲ.

2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಬಂದದ್ದರಿಂದ ರೋಗಿಯದ್ದೂ ಜೊತೆಗಾತಿಯದ್ದೂ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇವುಗಳನ್ನು ಹೊಂದಿಸಲು ಓಡಾಡಬೇಕು. ಓದು ಬಲ್ಲ ಒಬ್ಬಾಕೆ ಇದೊಂದು ಕೆಲಸ ವಹಿಸಿಕೊಂಡರೆ ಸಾಕು. ರಕ್ತ ಕಡಿಮೆಯಿದ್ದರೆ ವಿಕಿರಣದ ಫಲ ಕುಂದುತ್ತದೆ, ಹಾಗಾಗಿ ರಕ್ತ ಬೇಕಾಗುತ್ತದೆ. ಇದು ಊರಿನ ಯುವಕರ ಪಾಲಿಗಿರಲಿ.

ಕಾಯಿಲೆ ದಾಟಿ ಬಂದವರ ಮಾತಿಗೆ ಬೇರೆಯೇ ತೂಕವಿದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಟೆರೀಸ್ ಲ್ಯಾಸರ್ ಎಂಬ ಗೃಹಿಣಿ 1952ರಲ್ಲಿ ಸ್ತನದ ಶಸ್ತ್ರಚಿಕಿತ್ಸೆಯಾದ ಮೇಲೆ ತನ್ನಂಥವರನ್ನು ಆಸ್ಪತ್ರೆಯಲ್ಲಿ ಭೇಟಿಯಾಗತೊಡಗಿದರು. ರೋಗಿಗೆ ರೋಗಿ ಏನು ಹೇಳುವುದು ಎಂದು ಮೊದಲು ವೈದ್ಯರಿಗೇ ಇಷ್ಟವಿರಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಗರ್ಭಕೋಶ ತೆಗೆದ ಮೇಲೆ ಆರು ವಾರ ಕೊಡಪಾನ ಹೊರಬಾರದು, ಸೊಪ್ಪಿನ ಹೊರೆ ಎತ್ತಬಾರದು ಎಂದು ವೈದ್ಯರು ಹೇಳಿ ಕಳಿಸುತ್ತಾರೆ. ಬಾವಿಯಿಂದ ನೀರು ಸೇದುವ ಮನೆಯಲ್ಲಿ ಅದನ್ನು ಪಾಲಿಸುವುದು ಹೇಗೆಂದು ಪಾಲಿಸಿದವಳೇ ಹೇಳಬೇಕು. ಅಂಡಾಶಯವನ್ನೂ ತೆಗೆದಿದ್ದರೆ ಮುಟ್ಟು ಒಮ್ಮೆಲೇ ನಿಂತು ಮೈ ಬಿಸಿಯೇರುವುದು, ನಿದ್ದೆಗೆಡುವುದು, ಸಿಟ್ಟು ಬರುವುದು ಉಂಟು. ವಿಕಿರಣದ ನಂತರ ದಾಂಪತ್ಯದಲ್ಲಿ ನೋವೂ ಒಣಗಿದಂತಾಗುವುದೂ ಇರುತ್ತದೆ, ಅದಕ್ಕೆ ಉಪಾಯಗಳೂ ಇವೆ. ಇದನ್ನು ಗಂಡಿನೆದುರು ಬಿಡಿ, ವೈದ್ಯೆಯೆದುರೂ ಬಾಯಿಬಿಡದವರು ತಮ್ಮಂಥ ಇನ್ನೊಬ್ಬಳೆದುರು ಹೇಳಿಕೊಳ್ಳುತ್ತಾರೆ.

ಜೊತೆಗಾತಿಯರಿಗೆ ಇನ್ನೂ ಒಂದು ಕೆಲಸವಿದೆ, ಬೇಡದ ಶಸ್ತ್ರಚಿಕಿತ್ಸೆಯನ್ನು ತಡೆಯುವುದು. ಬಿಳಿ ಸೆರಗು, ಹೊಟ್ಟೆನೋವೆಂದು ಹೋದ ಬಡ ಹೆಂಗಸರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಬೆಳಕಿಗೆ ಬಂದವು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಮಹಿಳೆಯರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳ ಜೊತೆ 2017ರಲ್ಲಿ ಅವರೇ ಬೀದಿಗಿಳಿದು ನ್ಯಾಯ ಕೇಳಿದರು. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ಆದೇಶಿಸಿತು. ಹಾಗಾಗಿ ‘ತೆಗೆದುಬಿಡೋಣ’ ಎಂದಾಗ ಜೊತೆಗೆ ಹೋದವಳು ಕೇಳಬೇಕು: ತುಣುಕು ತೆಗೆದು ಪರೀಕ್ಷೆ ಮಾಡಿದ್ದೀರಾ, ವರದಿ ಎಲ್ಲಿ, ಇನ್ನೊಬ್ಬ ವೈದ್ಯರಿಗೆ ತೋರಿಸಬಹುದೇ? ಪರೀಕ್ಷೆಗೆ ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಹೆದರಬೇಕಿಲ್ಲ.

ಗರ್ಭಕೋಶ ತೆಗೆಸಿಕೊಳ್ಳುವುದು ಪಾಪವೇ ಎಂದು ಕೆಲವು ತಾಯಂದಿರು ಪಾಪನಿವೇದನೆಯಲ್ಲಿ ಕೇಳುವುದುಂಟು. ಅಲ್ಲ. ರೋಗ ವಾಸಿಮಾಡಲು ಅಗತ್ಯವಾದ ಚಿಕಿತ್ಸೆಯಿಂದ ಮಕ್ಕಳಾಗುವುದು ನಿಂತರೂ ಅದು ನಿಷಿದ್ಧವಲ್ಲ ಎಂದು 1968ರ ‘ಹ್ಯುಮಾನೆ ವಿಟೆ’ ವಿಶ್ವಪತ್ರದ 15ನೇ ಭಾಗದಲ್ಲೇ ಇದೆ. 2004ರಲ್ಲಿ ಸಂತಪದವಿಗೇರಿದ ವೈದ್ಯೆ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರ ಹೆಸರು ಇಲ್ಲಿ ಬರುತ್ತದೆ. ಗರ್ಭಿಣಿಯಾಗಿದ್ದಾಗ ಅವರಿಗಿದ್ದದ್ದು ಗರ್ಭಕೋಶದ ಗಡ್ಡೆ. ಹೊಟ್ಟೆಯ ಮಗುವಿಗಾಗಿ ಅವರು ಗಡ್ಡೆಯನ್ನು ಮಾತ್ರ ತೆಗೆಸಿಕೊಂಡು, ಹೆರಿಗೆಯಾದ ಒಂದು ವಾರಕ್ಕೆ, 1962ರ ಏಪ್ರಿಲ್ 28ರಂದು ತೀರಿಕೊಂಡರು. ಅದು ಅವರ ವೀರತ್ಯಾಗ. ಅದನ್ನು ತೋರಿಸಿ ಕ್ಯಾನ್ಸರ್ ಇರುವ ತಾಯಿಗೆ ಚಿಕಿತ್ಸೆ ಬೇಡವೆನ್ನುವುದು ತಪ್ಪು. ರೋಗಿಗಳ ಅಭ್ಯಂಗ ಸಂಸ್ಕಾರವೂ ಸಾಯುವವರಿಗೆ ಮಾತ್ರವಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನು ಪಡೆಯಬಹುದು, ಧರ್ಮಗುರುಗಳಿಗೆ ಮುಂಚೆ ತಿಳಿಸಿದರಾಯಿತು.

ಎಲ್ಲರೂ ಗುಣವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ನೋವು ಮಾತ್ರ ಉಳಿದಾಗ ಅದಕ್ಕೆ ಔಷಧವಿದೆ, ಕೇಳಿ ಪಡೆಯಬೇಕು. ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಇಂಥ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನಡೆಯುತ್ತಿದೆ. ಆದರೆ ಹೆಚ್ಚಿನವರು ತಮ್ಮ ಮನೆಯಲ್ಲೇ ಇರಲು ಬಯಸುತ್ತಾರೆ. ಆಗ ದಿನಕ್ಕೊಮ್ಮೆ ಹೋಗಿ ಮೈ ಒರೆಸಿ, ಬಟ್ಟೆ ಬದಲಿಸಿ ಬರುವ ಇಬ್ಬರು ಬೇಕು.

ಗುಣವಾದವರಿಗೂ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಆ ಹೊತ್ತಿಗೆ ಊರು ಅವರ ಕಾಯಿಲೆಯನ್ನು ಮರೆತಿರುತ್ತದೆ, ಅವರೂ ಕೆಲಸಕ್ಕೆ ಮರಳಿರುತ್ತಾರೆ, ತಾರೀಕು ತಪ್ಪಿಹೋಗುತ್ತದೆ. ಸಂಘದ ಉಳಿತಾಯದ ಪುಸ್ತಕದಲ್ಲಿ ಕಂತಿನ ದಿನಾಂಕದ ಪಕ್ಕದಲ್ಲೇ ಆಸ್ಪತ್ರೆಯ ದಿನಾಂಕವನ್ನೂ ಬರೆದಿಟ್ಟುಕೊಂಡರೆ, ಹಿಂದಿನ ಸಭೆಯಲ್ಲೇ ‘ಬರುವ ಮಂಗಳವಾರ ಇವರ ಜೊತೆ ಬಸ್ಸಿಗೆ ಯಾರು?’ ಎಂದು ಕೇಳಬಹುದು.