ಎಸ್‌ಪ್ರೆಸೊ ಕಾಫಿ ಅಂಗಡಿಯ ಲೆಕ್ಕ: ದಿನಕ್ಕೆ ಎಷ್ಟು ಕಪ್?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ದಿನದ ವ್ಯಾಪಾರ ಆರಂಭವಾಗುವುದು ಒಗ್ಗರಣೆ-ಮಿರ್ಚಿ ಹಾಗೂ ಚಹಾದೊಂದಿಗೆ. ಇಂತಹ ಸೀಮೆಯಲ್ಲಿ, ಸಿಂಧನೂರಿನ ಗಾಂಧಿ ವೃತ್ತದ ಸಮೀಪ, ಎಸ್‌ಪ್ರೆಸೊ ಕಾಫಿ ಮತ್ತು ಋತುಮಾನದ ಪಾನೀಯಗಳ ಪುಟ್ಟ ಅಂಗಡಿಯೊಂದನ್ನು ತೆರೆಯಬೇಕೆಂಬ ಆಲೋಚನೆಯೊಡನೆ ಯುವಕರೊಬ್ಬರು ಈಚೆಗೆ ನಮ್ಮ ಕಚೇರಿಗೆ ಬಂದಿದ್ದರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗಲೂ ಇಷ್ಟು ಬೆಲೆಗೆ ಕಾಫಿ ಕುಡಿಯುವವರಾರು ಎಂದವರಿದ್ದರು. ಆದ್ದರಿಂದ ನಾನು ನಗಲಿಲ್ಲ, ಕಾಗದ ತೆಗೆದುಕೊಂಡೆ.

ಉದಾಹರಣೆಗೆ, ಕಪ್ಪಿನ ಬೆಲೆ ರೂ. 60 ಎಂದಿಟ್ಟುಕೊಳ್ಳೋಣ. ಎರಡು ಶಾಟ್‌ಗೆ 18 ಗ್ರಾಂ ಪುಡಿ, ಹಾಲು, ಸಕ್ಕರೆ, ಲೋಟ ಸೇರಿ ರೂ. 27. ಉಳಿಯುವುದು ರೂ. 33. ಬಾಡಿಗೆ, ಇಬ್ಬರು ಕೆಲಸಗಾರರ ಸಂಬಳ, ಯಂತ್ರದ ಸಾಲದ ಕಂತು, ವಿದ್ಯುತ್ ಎಲ್ಲ ಸೇರಿ ತಿಂಗಳಿಗೆ ರೂ. 70,000 ಆದರೆ, ನಷ್ಟವಿಲ್ಲದಿರಲು ದಿನಕ್ಕೆ 71 ಕಪ್ ಮಾರಲೇಬೇಕು. ಮಾಲೀಕನ ದುಡಿಮೆಗೆ ಇದರಲ್ಲಿ ಕೂಲಿ ಹಿಡಿದಿಲ್ಲ; ನಮ್ಮವರು ಅದನ್ನು ಹಿಡಿಯುವುದೇ ಇಲ್ಲ.

ಮುಂದಿನದೇ ಸೂಕ್ಷ್ಮ. ಹೋಟೆಲು ಸೇವೆಯಾದುದರಿಂದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದೊಡನೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ, ಸರಕು ವ್ಯಾಪಾರಿಗಳ 40 ಲಕ್ಷದ ಮಿತಿ ಇಲ್ಲಿ ಅನ್ವಯಿಸದು. ದಿನಕ್ಕೆ 91 ಕಪ್‌ವರೆಗೆ ತೆರಿಗೆಯಿಲ್ಲ, ತಿಂಗಳ ಲಾಭ ರೂ. 20,090. ನೋಂದಣಿಯ ನಂತರ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ಶೇ. 5ರಷ್ಟನ್ನು, ಅಂದರೆ ಕಪ್ಪಿಗೆ ರೂ. 3ನ್ನು, ಕೈಯಿಂದಲೇ ತೆರಬೇಕು; ಅಷ್ಟೇ ಲಾಭಕ್ಕೆ ಆಗ 101 ಕಪ್ ಬೇಕು. ಸಾಮಾನ್ಯ ಪದ್ಧತಿಯಲ್ಲಿ ಗ್ರಾಹಕರಿಂದ ರೂ. 63 ಪಡೆಯಬಹುದು, ಅವರು ಕೊಟ್ಟರೆ. 2017ರ ನವೆಂಬರ್ 15ರಿಂದ ಇಂತಹ ಹೋಟೆಲುಗಳಿಗೆ ಹೂಡುವಳಿ ತೆರಿಗೆ ಜಮೆ ಇಲ್ಲದ್ದರಿಂದ, ಯಂತ್ರ ಕೊಳ್ಳುವಾಗ ತೆತ್ತ ತೆರಿಗೆ ಎರಡೂ ಪದ್ಧತಿಗಳಲ್ಲಿ ಹಿಂದಿರುಗದು; ಅದನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಪಡೆಯಬೇಕು. ವಹಿವಾಟನ್ನು ಕಡಿಮೆ ತೋರಿಸೋಣವೆಂಬ ಸಲಹೆ ಕೊಡುವವರೂ ಸಿಗುತ್ತಾರೆ. ಯು.ಪಿ.ಐ. ಜಮೆಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2025ರಲ್ಲಿ ಬೇಕರಿ, ಚಹಾ ಅಂಗಡಿಗಳಿಗೂ ನೋಟಿಸು ಕಳುಹಿಸಿದ್ದನ್ನು ಅವರಿಗೆ ನೆನಪಿಸಬೇಕು.

ಇನ್ನು ಋತುಮಾನ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಬಿಸಿ ಕಾಫಿಯನ್ನೇ ನೆಚ್ಚುವಂತಿಲ್ಲ. ತಣ್ಣನೆಯ ಕಾಫಿ, ಮಾವು, ನಿಂಬೆಯ ಪಾನೀಯಗಳೇ ಆ 71ನ್ನು ತುಂಬಿಸಬೇಕು. ಆದರೆ ಇಲ್ಲಿನ ನಿಜವಾದ ಋತು ಎಡದಂಡೆ ಕಾಲುವೆಯ ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಅಕ್ಕಿ ಗಿರಣಿಯಿಂದ ಬಟ್ಟೆ ಅಂಗಡಿಯವರೆಗೆ ಎಲ್ಲರೂ ಕಂಗೆಟ್ಟಿದ್ದರು. ಭತ್ತ ಕೈಕೊಟ್ಟ ವರ್ಷ ಮೊದಲು ನಿಲ್ಲುವುದು ಅರವತ್ತು ರೂಪಾಯಿಯ ಕಾಫಿ. ಆದುದರಿಂದ ಆರು ತಿಂಗಳ ಬಾಡಿಗೆ ಮತ್ತು ಕಂತಿನ ಹಣವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವಂತೆ ಸೂಚಿಸಿದೆ. ಗಡುಸು ನೀರು ಬಾಯ್ಲರಿನಲ್ಲಿ ಸುಣ್ಣ ಕಟ್ಟಿಸುತ್ತದೆ. ನೀರಿನ ಶುದ್ಧೀಕರಣ ಯಂತ್ರವನ್ನೂ ಅಂದಾಜು ಪಟ್ಟಿಗೆ ಸೇರಿಸಿದೆವು. ಕಾಫಿ ಮಂಡಳಿಯು ನಡೆಸುವ ‘ಕಾಪಿ ಶಾಸ್ತ್ರ’ ತರಬೇತಿಯ ವಿಚಾರವನ್ನೂ ತಿಳಿಸಿದೆ.

ಅವರು ಅಮಾವಾಸ್ಯೆಯವರೆಗೆ ದಿನವೂ ಸಂಜೆ ವೃತ್ತದಲ್ಲಿ ನಿಂತು, ಸುತ್ತಲಿನ ಅಂಗಡಿಗಳಲ್ಲಿ ಮೂವತ್ತು ರೂಪಾಯಿಗಿಂತ ಹೆಚ್ಚಿನ ಪಾನೀಯ ಕೊಳ್ಳುವವರನ್ನು ಎಣಿಸಿಕೊಂಡು ಬರುವುದಾಗಿ ಹೇಳಿ ಹೋಗಿದ್ದಾರೆ. ಬಾಡಿಗೆ ಕರಾರಿಗೆ ಇನ್ನೂ ಸಹಿ ಬಿದ್ದಿಲ್ಲ.